ಹುರುಳಿ ಬೆಂದಿದೆಯೇ? ಉತ್ತರ ಹಾಲಿನಲ್ಲಿದೆ

ಮಳೆ ಕೈಕೊಟ್ಟ ವರ್ಷವೂ ಒಕ್ಕಲಿಗನನ್ನು ಬರಿಗೈಲಿ ಕಳಿಸದ ಬೆಳೆ ಅಂದರೆ ಹುರುಳಿ. ರಾಗಿ ಕೈಬಿಟ್ಟ ಹೊಲದಲ್ಲೂ ಉತ್ತರೆ ಮಳೆಯ ಒಂದು ಹದಕ್ಕೆ ಚೆಲ್ಲಿದರೆ ಸಾಕು, ಮನೆಗೆ ಕಾಳು, ದನಕ್ಕೆ ಹೊಟ್ಟು. ನೂರು ಗ್ರಾಂ ಕಾಳಿನಲ್ಲಿ ಸುಮಾರು 22 ಗ್ರಾಂ ಸಸಾರಜನಕ, ಅಂದರೆ ಪ್ರೋಟೀನು ಇದೆ. ಪೇಟೆಯ ಪಶು ಆಹಾರದ ಚೀಲದ ಬೆಲೆ ನೋಡಿದಾಗಲೆಲ್ಲ ನಮ್ಮಂಥ ಬೆದ್ದಲು ಬೇಸಾಯಗಾರರಿಗೆ ನೆನಪಾಗುವುದು ಮನೆಯ ಮೂಲೆಯ ಹುರುಳಿ ಮೂಟೆಯೇ.

ಆದರೆ ಒಂದು ಪ್ರಶ್ನೆ ಎಲ್ಲ ಊರಲ್ಲೂ ಇದೆ. ಹುರುಳಿಯನ್ನು ಬೇಯಿಸಿಯೇ ಹಾಕಬೇಕೋ, ನೆನೆಸಿ ರುಬ್ಬಿ ಹಾಕಿದರೆ ಸಾಕೋ, ಹುರಿದು ನುಚ್ಚು ಮಾಡಿದರೆ ಆದೀತೋ? ಬೇಯಿಸೋದು ಅಂದರೆ ಸುಲಭದ ಮಾತಲ್ಲ. ಸೌದೆ ಬೇಕು, ನೀರು ಬೇಕು, ಒಲೆ ಮುಂದೆ ಹೆಂಗಸರ ಹೊತ್ತು ಬೇಕು. ಬಳ್ಳಾರಿ ಜಾಲಿಯ ಮುಳ್ಳು ಸವರಿ ಹೊರೆ ಹೊತ್ತು ತಂದವರಿಗೇ ಗೊತ್ತು ಒಂದು ಹಂಡೆ ಕಾಳು ಬೇಯುವುದರ ಬೆಲೆ. ಹಿರಿಯರು ಬೇಯಿಸಿ ಹಾಕುತ್ತಿದ್ದರು, ನಾವೂ ಹಾಕುತ್ತಿದ್ದೇವೆ. ಯಾಕೆ ಅಂತ ಕೇಳಿದರೆ, "ಹಸಿ ಹುರುಳಿ ಅರಗೋಲ್ಲ" ಅನ್ನುವ ಒಂದೇ ಮಾತು.

ಈ 'ಅರಗೋಲ್ಲ' ಅನ್ನುವುದನ್ನು ಪ್ರಯೋಗಶಾಲೆಯಲ್ಲಿ ಅಳೆಯುತ್ತಾರೆ. ಅಳೆಯುವುದಕ್ಕೆ ಬಳಸುವ ವಸ್ತು ನಮ್ಮ ಕೊಟ್ಟಿಗೆಯದೇ. ಹಾಲಿನಿಂದ ಬೇರೆ ಮಾಡಿ ಶುದ್ಧಗೊಳಿಸಿದ ಕೇಸಿನ್ ಎಂಬ ಪ್ರೋಟೀನು. ನನ್ನ ತಮ್ಮನ ಮಗಳು ಜೀವರಸಾಯನ ಶಾಸ್ತ್ರದಲ್ಲಿ ಎಂಎಸ್ಸಿ ಓದುತ್ತಾಳೆ. ಅವಳ ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಂದು ದಿನ ಪೂರ್ತಿ ಕೂತು ನೋಡಿದ್ದನ್ನೂ, ಅವಳಿಂದ ಕೇಳಿ ತಿಳಿದದ್ದನ್ನೂ ಇಲ್ಲಿ ಬರೆದಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು. ನನಗೆ ಅರ್ಥವಾದದ್ದು ಓದುಗರಿಗೂ ಆಗುತ್ತದೆ ಎಂಬ ಧೈರ್ಯ ಇದೆ.

ಕಾಳು ಕಟ್ಟುವ ಬಾಯಿಕುಕ್ಕೆ

ನಾವು ತಿಂದ ಬೇಳೆಕಾಳಿನ ಪ್ರೋಟೀನು ಹಾಗೇ ರಕ್ತಕ್ಕೆ ಸೇರುವುದಿಲ್ಲ. ಅದು ಮಣಿಸರದ ಹಾಗೆ ಉದ್ದನೆಯ ಸರ. ಅದನ್ನು ತುಂಡು ತುಂಡು ಮಾಡಿದರೆ ಮಾತ್ರ ಮೈಗೆ ಹತ್ತುತ್ತದೆ. ತುಂಡು ಮಾಡುವ ಕೆಲಸ ಕಿಣ್ವಗಳದು, ಅಂದರೆ ಎಂಜೈಮುಗಳದು. ಮೇದೋಜೀರಕ ಗ್ರಂಥಿಯಿಂದ ಕರುಳಿಗೆ ಬರುವ ಟ್ರಿಪ್ಸಿನ್ ಎಂಬ ಕಿಣ್ವ ಇವುಗಳಲ್ಲಿ ಮುಖ್ಯವಾದದ್ದು. ಮನುಷ್ಯನಿಗೂ, ದನಕ್ಕೂ, ಕೋಳಿಗೂ ಇದು ಇದೆ.

ಹುರುಳಿ, ಅವರೆ, ಸೋಯಾ ಮೊದಲಾದ ಕಾಳುಗಳು ತಮ್ಮೊಳಗೆ ಒಂದು ಬಗೆಯ ಪ್ರೋಟೀನನ್ನು ಇಟ್ಟುಕೊಂಡಿರುತ್ತವೆ. ಅದು ಟ್ರಿಪ್ಸಿನ್‌ನ ಬಾಯಿಗೇ ಹೋಗಿ ಕೂತು ಕಚ್ಚಿಕೊಳ್ಳುತ್ತದೆ. ಕುಂಟೆ ಹೊಡೆಯುವಾಗ ಎತ್ತು ಪೈರಿಗೆ ಬಾಯಿ ಹಾಕದಿರಲಿ ಅಂತ ಬಾಯಿಕುಕ್ಕೆ ಕಟ್ಟುತ್ತೇವಲ್ಲ, ಹಂಗೆ. ಎತ್ತು ಇದೆ, ಹಸಿವೂ ಇದೆ, ಮುಂದೆ ಪೈರೂ ಇದೆ, ಆದರೆ ಬಾಯಿ ಬಿಡಲು ಆಗದು. ಇದಕ್ಕೆ ವಿಜ್ಞಾನಿಗಳು ಟ್ರಿಪ್ಸಿನ್ ಪ್ರತಿರೋಧಕ ಅನ್ನುತ್ತಾರೆ. ಕಾಳನ್ನು ಕೊರೆಯುವ ಹುಳುಗಳ ಹೊಟ್ಟೆಯಲ್ಲೂ ಇಂಥ ಕಿಣ್ವಗಳೇ ಇರುವುದರಿಂದ, ಗಿಡಕ್ಕೆ ಇದು ತನ್ನ ಬೀಜ ಕಾಯುವ ಒಂದು ಉಪಾಯ.

ಹುರುಳಿಯಲ್ಲಿರುವ ಪ್ರತಿರೋಧಕಕ್ಕೆ ಎರಡು ತಲೆ. ಒಂದು ತಲೆ ಟ್ರಿಪ್ಸಿನ್ ಹಿಡಿದರೆ ಇನ್ನೊಂದು ಕೈಮೋಟ್ರಿಪ್ಸಿನ್ ಎಂಬ ಇನ್ನೊಂದು ಕಿಣ್ವವನ್ನು ಹಿಡಿಯುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1990ರ ದಶಕದಲ್ಲೇ ಇದನ್ನು ಹುರುಳಿಯಿಂದ ಬೇರ್ಪಡಿಸಿ ಅಭ್ಯಾಸ ಮಾಡಿದ್ದಾರೆ. ಇದು ಚಿಕ್ಕ ಪ್ರೋಟೀನು. ಆದರೆ ಒಳಗೊಳಗೇ ಗಂಧಕದ ಗಂಟುಗಳಿಂದ ಬಿಗಿದುಕೊಂಡಿದೆ. ಆ ಬಿಗಿತದಿಂದಾಗಿ ಬಿಸಿಗೆ ಬೇಗ ಬಗ್ಗುವುದಿಲ್ಲ. ಒಂದು ಕುದಿ ಬರಿಸಿ ಇಳಿಸಿದ ಹುರುಳಿಯೂ, ಮೆತ್ತಗೆ ಬೆಂದ ಹುರುಳಿಯೂ ಒಂದೇ ಅಲ್ಲ ಎನ್ನಲು ಇದೇ ಕಾರಣ.

ಮೇವು ಹಾಕಿ ಹಸಿವು ಅಳೆದಂತೆ

ಕಿಣ್ವ ಕಣ್ಣಿಗೆ ಕಾಣುವುದಿಲ್ಲ. ತಕ್ಕಡಿಗೆ ಹಾಕಿ ತೂಗಿದರೂ ಉಪಯೋಗವಿಲ್ಲ. ತೂಕದಲ್ಲಿ ಇರುವುದೆಲ್ಲ ಕೆಲಸ ಮಾಡುತ್ತದೆ ಅನ್ನುವಂತಿಲ್ಲ. ಕುಕ್ಕೆ ಕಟ್ಟಿದ ಎತ್ತೂ ಅಷ್ಟೇ ತೂಗುತ್ತದೆ ತಾನೆ? ಆದ್ದರಿಂದ ಕಿಣ್ವವನ್ನು ಅಳೆಯುವುದು ಅದರ ಕೆಲಸದಿಂದ. ಅದರ ಮುಂದೆ ಗೊತ್ತಾದ ತೂಕದ ಮೇವು ಇಡುವುದು, ಗಡಿಯಾರ ನೋಡಿ ಇಷ್ಟು ಹೊತ್ತು ಬಿಡುವುದು, ಆಮೇಲೆ ಎಷ್ಟು ಅಗಿದಿದೆ ಅಂತ ನೋಡುವುದು. ಪ್ರೋಟೀನು ಕತ್ತರಿಸುವ ಕಿಣ್ವಕ್ಕೆ ಮೇವು ಎಂದರೆ ಯಾವುದಾದರೊಂದು ಪ್ರೋಟೀನೇ ಆಗಬೇಕು. ಆ ಜಾಗಕ್ಕೆ ಹಾಲಿನ ಕೇಸಿನ್ ಬಂದು ಕೂತಿದೆ.

"ಹಾಲನ್ನೇ ಹಾಕಬಹುದಿತ್ತಲ್ಲ, ಮಗಾ?" ಅಂದೆ. "ದೊಡ್ಡಪ್ಪ, ನೀವು ಡೇರಿಗೆ ಹಾಕೋ ಹಾಲು ಬೆಳಿಗ್ಗೆ ಇದ್ದಂಗೆ ಸಂಜೆ ಇರುತ್ತಾ?" ಅಂದಳು. ಮಾತು ನಿಜ. ಬೆಳಗಿನ ಹಾಲಿನ ಫ್ಯಾಟ್ ಬೇರೆ, ಸಂಜೆಯದು ಬೇರೆ. ಹಸುವಿಗೂ ಎಮ್ಮೆಗೂ ವ್ಯತ್ಯಾಸ. ಹಾಲಿನಲ್ಲಿ ಕೊಬ್ಬಿದೆ, ಸಕ್ಕರೆ ಇದೆ, ಬೇರೆ ಪ್ರೋಟೀನುಗಳಿವೆ, ಹಾಲಿನದೇ ಆದ ಕಿಣ್ವಗಳೂ ಇವೆ. ಒಬ್ಬೊಬ್ಬರು ಒಂದೊಂದು ಸೇರು ಹಿಡಿದು ರಾಗಿ ಅಳೆದರೆ ಲೆಕ್ಕ ಕೂಡುವುದಿಲ್ಲ. ಎಲ್ಲರ ಸೇರೂ ಒಂದೇ ಆಗಬೇಕಾದರೆ ಮೇವು ಶುದ್ಧವಾಗಿರಬೇಕು.

ಶುದ್ಧ ಮಾಡುವ ರೀತಿಯ ಮೊದಲ ಹೆಜ್ಜೆ ನಮ್ಮ ಅಡಿಗೆ ಮನೆಯದೇ. ಹಾಲಿಗೆ ನಿಂಬೆ ಹಣ್ಣು ಹಿಂಡಿದರೆ ಒಡೆದು ಬಿಳಿ ಗಿಣ್ಣದಂತೆ ತಳಕ್ಕೆ ಕೂರುತ್ತದಲ್ಲ, ಅದರಲ್ಲಿ ಬಹುಪಾಲು ಕೇಸಿನ್. ಒಂದು ಲೀಟರು ಹಸುವಿನ ಹಾಲಿನಲ್ಲಿ ಸುಮಾರು 32ರಿಂದ 35 ಗ್ರಾಂ ಪ್ರೋಟೀನು. ಅದರಲ್ಲಿ ಐದಕ್ಕೆ ನಾಲ್ಕು ಪಾಲು ಕೇಸಿನ್ನೇ. ಕೆನೆ ತೆಗೆದ ಹಾಲಿಗೆ ಆಮ್ಲ ಹಾಕಿ ಹುಳಿಯನ್ನು ಪಿಎಚ್ 4.6ಕ್ಕೆ ತಂದರೆ ಕೇಸಿನ್ ಪೂರ್ತಿ ಬೇರೆಯಾಗಿ ಕೂರುತ್ತದೆ. ಅದನ್ನು ನೀರಲ್ಲಿ ತೊಳೆದು, ಕ್ಷಾರದಲ್ಲಿ ಕರಗಿಸಿ, ಮತ್ತೆ ಆಮ್ಲ ಹಾಕಿ ಕೂರಿಸಿ, ಉಳಿದ ಕೊಬ್ಬನ್ನು ಆಲ್ಕೋಹಾಲು ಮತ್ತು ಈಥರಿನಲ್ಲಿ ತೊಳೆದು ಒಣಗಿಸುತ್ತಾರೆ. ಕೊನೆಗೆ ಸಿಗುವುದು ಬಿಳಿ ಪುಡಿ. 19ನೇ ಶತಮಾನದ ಕೊನೆಯ ಭಾಗದಲ್ಲಿ ಸ್ವೀಡನ್ ದೇಶದ ಉಪ್ಸಾಲಾದಲ್ಲಿ ಓಲೋಫ್ ಹ್ಯಾಮರ್‌ಸ್ಟೆನ್ ಎಂಬ ವಿಜ್ಞಾನಿ ಈ ಕೆಲಸವನ್ನು ಕ್ರಮಕ್ಕೆ ತಂದರು. ಶುದ್ಧ ಕೇಸಿನ್ ಡಬ್ಬಿಯ ಮೇಲೆ ಇವತ್ತಿಗೂ ಅವರ ಹೆಸರು ಕಾಣಬಹುದು.

ಕೇಸಿನ್ನನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣ ಇದೆ. ಬೇರೆ ಎಷ್ಟೋ ಪ್ರೋಟೀನುಗಳು ದಾರದ ಉಂಡೆಯಂತೆ ಬಿಗಿಯಾಗಿ ಸುತ್ತಿಕೊಂಡಿರುತ್ತವೆ. ಕೇಸಿನ್ ಸಡಿಲ. ಕರು ಕುಡಿದು ಅರಗಿಸಿಕೊಳ್ಳಲೆಂದೇ ಇರುವ ಪ್ರೋಟೀನಲ್ಲವೇ, ಕಿಣ್ವದ ಕತ್ತರಿಗೆ ಸುಲಭವಾಗಿ ಸಿಗುತ್ತದೆ. ಕುದಿಸಿದರೆ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುವುದೂ ಇಲ್ಲ.

ಪ್ರಯೋಗಶಾಲೆಯಲ್ಲಿ ಕಂಡದ್ದು

ಆ ದಿನ ಮನೆಯ ಹುರುಳಿಯನ್ನು ನಾಲ್ಕು ಬಗೆಯಲ್ಲಿ ಒಯ್ದಿದ್ದೆ. ಹಸಿಯದು, ರಾತ್ರಿ ನೆನೆಸಿದ್ದು, ಬಾಣಲೆಯಲ್ಲಿ ಹುರಿದದ್ದು, ಮೆತ್ತಗೆ ಬೇಯಿಸಿದ್ದು. ನಾಲ್ಕನ್ನೂ ಬೇರೆ ಬೇರೆ ಅರೆದು, ನೀರಿನಂಥ ದ್ರಾವಣದಲ್ಲಿ ಕದಡಿ ಸೋಸಿ ರಸ ತೆಗೆದರು.

ಕೇಸಿನ್ ಪುಡಿಯನ್ನು ನೂರು ಮಿಲಿಲೀಟರಿಗೆ ಒಂದು ಗ್ರಾಮಿನ ಲೆಕ್ಕದಲ್ಲಿ ಬಿಸಿ ಮಾಡಿ ಕರಗಿಸಿದ್ದರು. ನೋಡಲು ನೀರು ಬೆರೆಸಿದ ಹಾಲಿನ ಹಾಗೆ. ಒಂದು ಗಾಜಿನ ನಳಿಕೆಗೆ ಬರೀ ಟ್ರಿಪ್ಸಿನ್ ಹಾಕಿದರು. ಉಳಿದ ನಾಲ್ಕಕ್ಕೆ ಅಷ್ಟೇ ಟ್ರಿಪ್ಸಿನ್ ಜೊತೆಗೆ ಒಂದೊಂದು ಬಗೆಯ ಹುರುಳಿ ರಸ. ಕುಕ್ಕೆ ಕಟ್ಟಿಕೊಳ್ಳಲು ಕೆಲವು ನಿಮಿಷ ಬಿಟ್ಟರು. ಆಮೇಲೆ ಎಲ್ಲಕ್ಕೂ ಒಂದೇ ಅಳತೆಯ ಕೇಸಿನ್ ಹಾಕಿ, ಮೈ ಬಿಸಿಯಷ್ಟೇ, ಅಂದರೆ 37 ಡಿಗ್ರಿ ಬಿಸಿಯ ನೀರಿನಲ್ಲಿ 20 ನಿಮಿಷ ಇಟ್ಟರು.

ಗಡಿಯಾರ ಮುಗಿದ ಕೂಡಲೇ ಟ್ರೈಕ್ಲೋರೋ ಅಸಿಟಿಕ್ ಆಮ್ಲ ಎಂಬ ಕಟು ಆಮ್ಲ ಹಾಕುತ್ತಾರೆ. ಇದು ಎರಡು ಕೆಲಸ ಮಾಡುತ್ತದೆ. ಟ್ರಿಪ್ಸಿನ್‌ನ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಕತ್ತರಿಸದೆ ಉಳಿದ ಕೇಸಿನ್ ಮೊಸರು ಒಡೆದಂತೆ ಬಿಳಿಯಾಗಿ ಕೂರುತ್ತದೆ. ಕತ್ತರಿಸಿದ ಸಣ್ಣ ತುಂಡುಗಳು ಮಾತ್ರ ತಿಳಿಯಲ್ಲಿ ಉಳಿಯುತ್ತವೆ. ಸೋಸು ಕಾಗದದಲ್ಲಿ ಸೋಸಿ ಆ ತಿಳಿಗೆ ಸೋಡಾ ದ್ರಾವಣ ಬೆರೆಸಿ, ಫೋಲಿನ್ ಎಂಬ ಹಳದಿ ದ್ರಾವಣ ಬಿಟ್ಟರು. ನೋಡುತ್ತಿದ್ದಂತೆ ನೀಲಿ ಬಣ್ಣ ಏರಿತು. ತುಂಡುಗಳಲ್ಲಿರುವ ಟೈರೋಸಿನ್ ಎಂಬ ಅಮೈನೋ ಆಮ್ಲ ಆ ಬಣ್ಣಕ್ಕೆ ಮುಖ್ಯ ಕಾರಣವಂತೆ. ನೀಲಿ ಗಾಢವಾದಷ್ಟೂ ಜಾಸ್ತಿ ಕೇಸಿನ್ ಅರಗಿದೆ, ಟ್ರಿಪ್ಸಿನ್‌ನ ಬಾಯಿ ಬಿಚ್ಚಿದೆ ಅಂತ ಅರ್ಥ.

ಬರೀ ಟ್ರಿಪ್ಸಿನ್ ಇದ್ದ ನಳಿಕೆ ಕಡುನೀಲಿ. ಹಸಿ ಹುರುಳಿ ರಸದ್ದು ತೀರಾ ತೆಳು, ನೀಲಿ ಹಾಕಿ ಜಾಲಿಸಿದ ಪಂಚೆಯ ನೀರಿನ ಹಾಗೆ. ನೆನೆಸಿದ್ದು ಅದಕ್ಕಿಂತ ಒಂದು ಚೂರು ವಾಸಿ. ಹುರಿದದ್ದು ನಡುವೆ. ಮೆತ್ತಗೆ ಬೇಯಿಸಿದ್ದು ಹೆಚ್ಚು ಕಡಿಮೆ ಮೊದಲನೆಯದರ ಪಕ್ಕಕ್ಕೇ ಬಂತು. ಹಿರಿಯರು ಒಲೆ ಉರಿಸಿದ್ದು ಸುಮ್ಮನೆ ಅಲ್ಲ ಎನ್ನುವುದನ್ನು ಐದು ನಳಿಕೆಗಳು ಸಾಲಾಗಿ ನಿಂತು ಹೇಳಿದವು.

ಕಣ್ಣಿನ ಲೆಕ್ಕ ಇಲ್ಲಿ ನಡೆಯದು. ಬಣ್ಣವನ್ನು ಕಲರಿಮೀಟರ್ ಯಂತ್ರದಲ್ಲಿಟ್ಟು ಅಂಕಿ ತೆಗೆಯುತ್ತಾರೆ. ಮೊದಲೇ ಗೊತ್ತಾದ ತೂಕದ ಟೈರೋಸಿನ್‌ಗೆ ಎಷ್ಟು ಬಣ್ಣ ಬರುತ್ತದೆ ಎಂದು ಗೆರೆ ಹಾಕಿಟ್ಟಿರುತ್ತಾರೆ, ಅದಕ್ಕೆ ಹೋಲಿಸುತ್ತಾರೆ. ಒಂದು ನಿಮಿಷದಲ್ಲಿ ಒಂದು ಮೈಕ್ರೋಮೋಲ್, ಅಂದರೆ ಸುಮಾರು 181 ಮೈಕ್ರೋಗ್ರಾಂ ಟೈರೋಸಿನ್‌ಗೆ ಸಮನಾದ ಬಣ್ಣ ಬರಿಸಿದರೆ ಅದನ್ನು ಒಂದು ಯೂನಿಟ್ ಎನ್ನುವುದು ಒಂದು ರೂಢಿ. ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು ಮೈಕ್ರೋಗ್ರಾಂ.

ನನಗೆ ಹಿಡಿಸಿದ್ದು ಅವರ ಇನ್ನೊಂದು ಎಚ್ಚರಿಕೆ. ಹುರುಳಿ ರಸದಲ್ಲಿ ಒಗರಿನ ಅಂಶ ಇದೆ. ಅದೂ ಸ್ವಲ್ಪ ನೀಲಿ ಬಣ್ಣ ಕೊಡುತ್ತದೆ. ಅದಕ್ಕೇ ಒಂದೊಂದು ರಸಕ್ಕೂ ಜೋಡಿ ನಳಿಕೆ ಇಟ್ಟು, ಅದರಲ್ಲಿ ಮೊದಲೇ ಆಮ್ಲ ಹಾಕಿ ಕಿಣ್ವಕ್ಕೆ ಕೆಲಸ ಮಾಡಲು ಬಿಡುವುದಿಲ್ಲ. ಅದರಲ್ಲಿ ಬಂದ ಬಣ್ಣವನ್ನು ಕಳೆದು ಉಳಿದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಚೀಲದ ತೂಕ ಕಳೆದು ಕಾಳಿನ ತೂಕ ಹಿಡಿದ ಹಾಗೆ. ನಾವೂ ಗೊಬ್ಬರ, ಔಷಧಿ ಪ್ರಯೋಗ ಮಾಡುವಾಗ ಏನೂ ಹಾಕದ ಒಂದು ಸಾಲು ಬಿಡುವುದು ಈ ಕಾರಣಕ್ಕೇ.

ಅರಿತವರು ಹಿಡಿದ ದಾರಿ

ಈ ವಿಷಯ ಮೊದಲು ತಲೆಗೆ ಬಂದದ್ದು ಸೋಯಾದಿಂದ. 1917ರಲ್ಲಿ ಅಮೆರಿಕದ ಆಸ್ಬಾರ್ನ್ ಮತ್ತು ಮೆಂಡೆಲ್ ಎಂಬಿಬ್ಬರು ಇಲಿಗಳಿಗೆ ಸೋಯಾ ತಿನ್ನಿಸಿ ನೋಡಿದರು. ಬೇಯಿಸಿದ ಸೋಯಾ ತಿಂದ ಇಲಿಗಳು ಚೆನ್ನಾಗಿ ಬೆಳೆದವು, ಹಸಿಯದನ್ನು ತಿಂದವು ಬೆಳೆಯಲಿಲ್ಲ. ಯಾಕೆ ಎಂಬುದು ಬಹಳ ವರ್ಷ ಬಿಡಿಸಲಾಗದ ಗಂಟಾಗಿ ಉಳಿಯಿತು. 1940ರ ದಶಕದಲ್ಲಿ ಅಮೆರಿಕದ ರಾಕೆಫೆಲ್ಲರ್ ಸಂಸ್ಥೆಯ ಮೋಸೆಸ್ ಕುನಿಟ್ಜ್ ಸೋಯಾದ ಪ್ರತಿರೋಧಕವನ್ನು ಹರಳು ರೂಪದಲ್ಲಿ ಬೇರೆ ಮಾಡಿದರು. ಅದರ ಬಲ ಅಳೆಯಲು ಕೇಸಿನ್ ಬಳಸುವ ಕ್ರಮವನ್ನು 1947ರಲ್ಲಿ ಬರೆದಿಟ್ಟರು. ಇವತ್ತು ಕಾಲೇಜಿನ ಮಕ್ಕಳು ಮಾಡುವುದು ಅದೇ ದಾರಿಯಲ್ಲಿ.

ಇದೇ ಕೇಸಿನ್ ಮೇವನ್ನು ಬೇರೆ ಕಡೆಯೂ ಬಳಸುತ್ತಾರೆ. ಪರಂಗಿ ಕಾಯಿಯ ಹಾಲಿನಿಂದ ಬರುವ ಪಪೈನ್ ಎಂಬ ಕಿಣ್ವದ ಕಸುವು ನೋಡುವುದಕ್ಕೂ ಆಗುತ್ತದೆ. ಹೊಲದ ಮಣ್ಣಿಗೂ ಆಗುತ್ತದೆ. 1972ರಲ್ಲಿ ಲ್ಯಾಡ್ ಮತ್ತು ಬಟ್ಲರ್ ಎಂಬಿಬ್ಬರು ಬರೆದ ಕ್ರಮದಂತೆ, ಮಣ್ಣಿಗೆ ಕೇಸಿನ್ ದ್ರಾವಣ ಬೆರೆಸಿ 50 ಡಿಗ್ರಿ ಬಿಸಿಯಲ್ಲಿ ಎರಡು ಗಂಟೆ ಇಟ್ಟು, ಎಷ್ಟು ಟೈರೋಸಿನ್ ಬಿಡುಗಡೆಯಾಯಿತು ಎಂದು ನೋಡುತ್ತಾರೆ. ಕೊಟ್ಟಿಗೆ ಗೊಬ್ಬರದಲ್ಲಿರುವ ಪ್ರೋಟೀನನ್ನು ಒಡೆದು ಸಾರಜನಕ ಬಿಡಿಸುವ ಶಕ್ತಿ ಆ ಮಣ್ಣಿನ ಜೀವಿಗಳಿಗೆ ಎಷ್ಟಿದೆ ಎಂಬುದರ ಸುಳಿವು ಅದು.

ಎತ್ತಿಗೂ ಕೋಳಿಗೂ ಒಂದೇ ನ್ಯಾಯವಲ್ಲ

ಇಲ್ಲಿಗೆ ಎಲ್ಲಕ್ಕೂ ಬೇಯಿಸಿಯೇ ಹಾಕಬೇಕು ಅಂತ ತೀರ್ಮಾನಿಸಿದರೆ ಅವಸರವಾದೀತು. ನಳಿಕೆಯೊಳಗೆ ನಡೆದದ್ದೇ ಎಲ್ಲ ಹೊಟ್ಟೆಯಲ್ಲೂ ನಡೆಯುವುದಿಲ್ಲ.

ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ತಿಂದದ್ದು ಟ್ರಿಪ್ಸಿನ್ ಇರುವ ಕರುಳಿಗೆ ಹೋಗುವ ಮೊದಲೇ ಇವು ಪ್ರತಿರೋಧಕದ ಬಹುಪಾಲನ್ನು ಒಡೆದು ಹಾಕುತ್ತವೆ. ಹೀಗಾಗಿ ಬೆಳೆದ ಎತ್ತು, ಹಸು, ಎಮ್ಮೆಗಳಿಗೆ ಈ ಕುಕ್ಕೆಯ ಕಾಟ ಅಷ್ಟಿಲ್ಲ. ಅವಕ್ಕೆ ಇರುವ ತೊಂದರೆ ಕಾಳಿನ ಗಟ್ಟಿತನ. ಇಡೀ ಕಾಳು ಹಾಕಿದರೆ ಸಗಣಿಯಲ್ಲಿ ಹಾಗೇ ಬೀಳುವುದನ್ನು ಎಲ್ಲರೂ ಕಂಡಿದ್ದೇವೆ. ನೆನೆಸಿ ರುಬ್ಬಿ ಹಾಕಿದರೆ ಅದು ತಪ್ಪುತ್ತದೆ.

ಆದರೆ ಎಳೆ ಕರುವಿಗೆ ಆ ಮೊದಲ ಹೊಟ್ಟೆ ಇನ್ನೂ ಕೆಲಸಕ್ಕೆ ಬಂದಿರುವುದಿಲ್ಲ. ಅದರ ಲೆಕ್ಕ ನಮ್ಮ ಲೆಕ್ಕದಂತೆಯೇ. ಕೋಳಿ, ಹಂದಿ, ಮನುಷ್ಯರದೂ ಅಷ್ಟೆ. ಇವರಿಗೆ ಹಸಿ ಕಾಳು ಹೋದರೆ ಟ್ರಿಪ್ಸಿನ್ ಕಟ್ಟಿಹೋಗುತ್ತದೆ. ಸಾಲದು ಎಂದು ಮೇದೋಜೀರಕ ಗ್ರಂಥಿ ಇನ್ನಷ್ಟು ಕಿಣ್ವ ಸುರಿಸುತ್ತದೆ. ಕಿಣ್ವವೂ ಪ್ರೋಟೀನೇ ಆದ್ದರಿಂದ ಮೈಯ ಒಳ್ಳೆಯ ಪ್ರೋಟೀನು ಸಗಣಿ ಪಾಲಾಗುತ್ತದೆ. ಹಸಿ ಸೋಯಾ ತಿಂದ ಕೋಳಿಮರಿಗಳಲ್ಲಿ ಈ ಗ್ರಂಥಿ ಊದಿಕೊಳ್ಳುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ತಿನ್ನುವುದೇನೋ ತಿನ್ನುತ್ತದೆ, ಮೈ ಕೂಡುವುದಿಲ್ಲ.

ನಮ್ಮ ಊರಿನ ಹೆಣ್ಣುಮಗಳೊಬ್ಬಳು ಸಂಘದಿಂದ ಸಾಲ ಪಡೆದು ನಾಟಿ ಕೋಳಿ ಸಾಕಿದಳು. ಪೇಟೆಯ ಆಹಾರ ದುಬಾರಿ ಅಂತ ಹಸಿ ಹುರುಳಿ ನುಚ್ಚನ್ನು ಜೋಳದ ಜೊತೆ ಹಾಕುತ್ತಿದ್ದಳು. ಮರಿಗಳು ಸಾಯಲಿಲ್ಲ, ಬೆಳೆಯಲೂ ಇಲ್ಲ. ಸಂತೆಗೆ ಒಯ್ಯುವ ಹೊತ್ತಿಗೆ ತೂಕವಿಲ್ಲದೆ ಸಾಲದ ಕಂತಿಗೇ ತೊಂದರೆಯಾಯಿತು. ಬೇರೆ ಕಾರಣವೂ ಇದ್ದೀತು. ಆದರೂ ಐದು ನಳಿಕೆ ನೋಡಿ ಬಂದ ಮೇಲೆ ಅವಳಿಗೆ ನಾನು ಮೊದಲು ಹೇಳಿದ್ದು, "ತಾಯಿ, ನುಚ್ಚನ್ನು ಬೇಯಿಸಿ ಹಾಕು" ಅಂತಲೇ.

ಹೀಗೆ ನೋಡಿದರೆ ನಮ್ಮ ಸೌದೆ ಎಲ್ಲಿ ಉರಿಯಬೇಕು ಎಂಬುದು ಸ್ಪಷ್ಟ. ಎತ್ತಿನ ಹಂಡೆಗೆ ಉರಿಸುವ ಸೌದೆಯಲ್ಲಿ ಸ್ವಲ್ಪವನ್ನು ಕೋಳಿಮರಿಯ ಪಾತ್ರೆಗೆ ಉರಿಸಿದರೆ ಲಾಭ ಜಾಸ್ತಿ.

ಈ ಪರೀಕ್ಷೆ ಹೇಳದ ಮಾತು

ಕೇಸಿನ್ ಪರೀಕ್ಷೆ ಹೇಳುವುದು ಒಂದೇ ದೋಷದ ಬಗ್ಗೆ. ಹುರುಳಿಯಲ್ಲಿ ಬೇರೆಯವೂ ಇವೆ. ಒಗರಿನ ಟ್ಯಾನಿನ್ ಇದೆ. ಸತು, ಕಬ್ಬಿಣದ ಅಂಶಗಳನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಇದೆ. ಲೆಕ್ಟಿನ್ ಎಂಬ, ರಕ್ತದ ಕಣಗಳನ್ನು ಅಂಟಿಸುವ ಪ್ರೋಟೀನೂ ಇದೆ. ಇದೇ ಲೆಕ್ಟಿನ್ನನ್ನು ಶುದ್ಧ ಮಾಡಿ ರಕ್ತನಿಧಿಗಳಲ್ಲಿ ಎ1 ಗುಂಪಿನ ರಕ್ತ ಗುರುತಿಸಲು ಬಳಸುತ್ತಾರೆ ಎಂದರೆ ಎಷ್ಟು ಜನ ಬೆಳೆಗಾರರಿಗೆ ಗೊತ್ತು? ಲೆಕ್ಟಿನ್ ಚೆನ್ನಾಗಿ ಬೇಯಿಸಿದರೆ ಹೋಗುತ್ತದೆ, ಟ್ಯಾನಿನ್ ಸ್ವಲ್ಪ ಮಟ್ಟಿಗೆ ನೆನೆಸಿದ ನೀರಿನಲ್ಲಿ ಇಳಿಯುತ್ತದೆ. ಕೇಸಿನ್ ನಳಿಕೆ ಕಡುನೀಲಿ ಬಂದರೆ ಇವೆಲ್ಲವೂ ಹೋಗಿವೆ ಅಂತ ತಿಳಿಯಬಾರದು.

ಮನೆಯಲ್ಲಿ ಅನುಸರಿಸಬಹುದಾದ್ದು

ಪ್ರಯೋಗಶಾಲೆ ಎಲ್ಲರ ಕೈಗೆ ಸಿಗದು. ಸಿಕ್ಕ ತಿಳಿವಳಿಕೆಯನ್ನು ಒಲೆಯ ಮಟ್ಟಕ್ಕೆ ಇಳಿಸಿದರೆ ಹೀಗೆ:

ಕೋಳಿ, ಎಳೆ ಕರು, ಹಂದಿಗೆ ಹಸಿ ಹುರುಳಿಯನ್ನಾಗಲಿ ಹಸಿ ಸೋಯಾವನ್ನಾಗಲಿ ಹಾಕಬೇಡಿ. ರಾತ್ರಿ ನೆನೆಸಿ, ನೆನೆಸಿದ ನೀರು ಚೆಲ್ಲಿ, ಬೆರಳಲ್ಲಿ ಹಿಸುಕಿದರೆ ಕಾಳು ಮೆತ್ತಗೆ ಮುದ್ದೆಯಾಗುವವರೆಗೆ ಬೇಯಿಸಿ. ನೆನೆಸಿದರೆ ಸೌದೆಯೂ ಉಳಿಯುತ್ತದೆ.

ಒಣ ಬಿಸಿಗಿಂತ ನೀರಿನ ಬಿಸಿ ಒಳಗಿನವರೆಗೂ ಹೋಗುತ್ತದೆ. ಬಾಣಲೆಯಲ್ಲಿ ಹುರಿದರೆ ಸಿಪ್ಪೆ ಕಪ್ಪಾದರೂ ಒಳಗೆ ಹಸಿಯೇ ಉಳಿಯಬಹುದು. ಹುರಿದೇ ಹಾಕಬೇಕೆಂದರೆ ಮೊದಲು ಕಾಳಿಗೆ ನೀರು ಚಿಮುಕಿಸಿ ನೆನೆಯಲು ಬಿಡುವುದು ಮೇಲು. ಕುಕ್ಕರ್ ಇದ್ದವರಿಗೆ ಅದಕ್ಕಿಂತ ಒಳ್ಳೆಯದಿಲ್ಲ.

ಮೊಳಕೆ ಕಟ್ಟಿದರೆ ಪ್ರತಿರೋಧಕ ಕಡಿಮೆಯಾಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಮೊಳಕೆ ಹುರುಳಿಯನ್ನೂ ಬೇಯಿಸಿಯೇ ಮಕ್ಕಳಿಗೆ ಕೊಡಿ. ಹುರುಳಿ ಕಟ್ಟಿನ ಸಾರು ಮಾಡುವ ನಮ್ಮ ಹೆಂಗಸರು ಕಾಳನ್ನು ಗಂಟೆಗಟ್ಟಲೆ ಕುದಿಸುವುದರಲ್ಲಿ ರುಚಿಯೂ ಇದೆ, ಅರ್ಥವೂ ಇದೆ.

ಎತ್ತು, ಹಸುಗಳಿಗೆ ಸೌದೆ ಇಲ್ಲದ ದಿನ ನೆನೆಸಿ ರುಬ್ಬಿದ ಹುರುಳಿ ಮಿತವಾಗಿ ಹಾಕಬಹುದು. ಒಂದೇ ಸಲ ಜಾಸ್ತಿ ಕಾಳು ಹಾಕಿದರೆ ಹೊಟ್ಟೆ ಹುಳಿಯೇರಿ ಉಬ್ಬರ ಬರುವ ಅಪಾಯ ಇದ್ದೇ ಇದೆ. ಅದಕ್ಕೂ ಟ್ರಿಪ್ಸಿನ್‌ಗೂ ಸಂಬಂಧವಿಲ್ಲ.

ಕೃಷಿ ಕಾಲೇಜು, ಪಶುವೈದ್ಯ ಕಾಲೇಜು, ಜೀವರಸಾಯನ ವಿಭಾಗವಿರುವ ಕಾಲೇಜುಗಳಲ್ಲಿ ಮಕ್ಕಳು ಪ್ರತಿ ವರ್ಷ ಪ್ರಾಜೆಕ್ಟ್ ಮಾಡುತ್ತಾರೆ. ನಿಮ್ಮ ಮನೆಯ ಮಕ್ಕಳು ಅಲ್ಲಿ ಓದುತ್ತಿದ್ದರೆ ನಿಮ್ಮ ಹೊಲದ ಕಾಳನ್ನೇ ಕೊಟ್ಟು ಕಳಿಸಿ. ಎಷ್ಟು ಹೊತ್ತು ಬೇಯಿಸಿದರೆ ಸಾಕು, ಊರಿನ ಕರಿ ಹುರುಳಿಗೂ ಪೇಟೆಯ ಬೀಜದ ಹುರುಳಿಗೂ ಏನು ವ್ಯತ್ಯಾಸ, ಯಾವ ಅವರೆ ಬೇಗ ಬಗ್ಗುತ್ತದೆ, ಇವೆಲ್ಲ ಒಂದು ಚಮಚ ಕೇಸಿನ್ ಪುಡಿಯಿಂದ ಉತ್ತರ ಸಿಗುವ ಪ್ರಶ್ನೆಗಳು. ಕೇಳುವವರು ನಾವಾಗಬೇಕು. ಯಾರಾದರೂ ಹೀಗೆ ಪರೀಕ್ಷೆ ಮಾಡಿಸಿದ್ದರೆ, ಕಾಳಿನ ತಳಿ ಮತ್ತು ಬೇಯಿಸಿದ ಹೊತ್ತಿನ ಲೆಕ್ಕದ ಸಮೇತ ಪತ್ರಿಕೆಗೆ ಬರೆಯಿರಿ. ಒಬ್ಬರ ಹಂಡೆಯ ಲೆಕ್ಕ ಹತ್ತು ಮನೆಯ ಸೌದೆ ಉಳಿಸೀತು.